ಮನೆಯ ಹೀಟ್ ಪಂಪೂ ಅದನ್ನು ನಡೆಸುವ ಬಗೆಯೂ

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಇಂಗ್ಲೆಂಡು ಮೊದಲಾದ ಶೀತದೇಶಗಳಲ್ಲಿ ಸಂಸಾರ ಹೂಡಿರುತ್ತಾರೆ. ಅಲ್ಲಿ ಚಳಿಗಾಲವೆಂದರೆ ಕಂಬಳಿ ಶಾಲುಗಳ ಮಾತಷ್ಟೇ ಅಲ್ಲ; ಅಕ್ಟೋಬರಿನಿಂದ ಏಪ್ರಿಲಿನವರೆಗೆ ಮನೆಯನ್ನೇ ಕಾಯಿಸಿಕೊಂಡಿರಬೇಕು. ಬಹುಕಾಲದಿಂದ ಈ ಕೆಲಸವನ್ನು ಗ್ಯಾಸಿನ ಬಾಯ್ಲರು ಮಾಡಿಕೊಂಡು ಬಂದಿದೆ. ಅದರ ಸ್ಥಾನದಲ್ಲಿ ಹೀಟ್ ಪಂಪ್ ಎಂಬ ಯಂತ್ರವನ್ನು ಇರಿಸಿಕೊಳ್ಳಲೆಂದು ಅಲ್ಲಿಯ ಸರ್ಕಾರವು 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡು ವೇಲ್ಸುಗಳ ಮನೆಗಳಿಗೆ ಕೊಡುವ ಸಹಾಯಧನವನ್ನು 7,500 ಪೌಂಡುಗಳಿಗೆ ಏರಿಸಿತು. ಯಂತ್ರವೇನೋ ಬಂದು ಕುಳಿತಿತು. ಆದರೆ ಅದನ್ನು ನಡೆಸುವ ಬಗೆ ಹಳೆಯ ಬಾಯ್ಲರಿನದೇ ಉಳಿದ ಮನೆಗಳಲ್ಲಿ ಚಳಿಯೂ ಬಿಡದೆ ಬಿಲ್ಲೂ ಇಳಿಯದೆ ಜನರು ಯಂತ್ರವನ್ನು ನಿಂದಿಸುತ್ತಿರುವುದುಂಟು. ಆ ನಿಂದೆಗೆ ಯಂತ್ರವು ಎಷ್ಟರಮಟ್ಟಿಗೆ ಪಾತ್ರವೆಂಬುದನ್ನು ವಿಚಾರಮಾಡೋಣ.

ಬಾಯ್ಲರು ಒಲೆಯ ಜಾತಿಯದು. ಅದು ಶಾಖವನ್ನು ಹುಟ್ಟಿಸುತ್ತದೆ. ಹೀಟ್ ಪಂಪಾದರೋ ಶಾಖವನ್ನು ಹುಟ್ಟಿಸುವುದಿಲ್ಲ, ಇದ್ದೆಡೆಯಿಂದ ಎತ್ತಿ ತರುತ್ತದೆ. ಹೊರಗಿನ ಗಾಳಿ ಎಷ್ಟೇ ತಣ್ಣಗಿದ್ದರೂ ಅದರಲ್ಲಿ ಶಾಖವು ಉಂಟು. ಬಲು ಬೇಗ ಆವಿಯಾಗುವ ಒಂದು ದ್ರವವು ಅಂಗಳದಲ್ಲಿರುವ ಪೆಟ್ಟಿಗೆಯ ಕೊಳವೆಗಳಲ್ಲಿ, ಹೊರಗಿನ ಗಾಳಿಗಿಂತಲೂ ತಣ್ಣಗಾಗಿ ಹರಿಯುತ್ತ, ಆ ಶಾಖವನ್ನು ಹೀರಿ ಆವಿಯಾಗುತ್ತದೆ. ವಿದ್ಯುತ್ತಿನ ಬಲದಿಂದ ಆ ಆವಿಯನ್ನು ಅದುಮಿದಾಗ ಅದು ಚೆನ್ನಾಗಿ ಬಿಸಿಯಾಗಿ, ತನ್ನ ಶಾಖವನ್ನು ಮನೆಯೊಳಗೆ ಸುತ್ತುವ ನೀರಿಗೆ ಒಪ್ಪಿಸಿ ಮತ್ತೆ ದ್ರವವಾಗುತ್ತದೆ. ನಮ್ಮ ಅಡಿಗೆಮನೆಯ ಫ್ರಿಜ್ಜು ಮಾಡುವುದೂ ಇದನ್ನೇ. ಒಳಗಿನ ತರಕಾರಿಯ ಶಾಖವನ್ನೆತ್ತಿ ಬೆನ್ನ ಹಿಂದೆ ಎಸೆಯುತ್ತದೆ. ಸಂಧ್ಯಾವಂದನೆಯಲ್ಲಿ ಪಂಚಪಾತ್ರೆಯಿಂದ ನೀರನ್ನೆತ್ತುವ ಸೌಟಿಗೆ ಉದ್ಧರಣೆಯೆಂದು ಹೆಸರಷ್ಟೆ. ಈ ಯಂತ್ರವನ್ನು ಶಾಖದ ಉದ್ಧರಣೆಯೆಂದು ಕರೆದರೆ ವ್ಯಾಕರಣಕ್ಕೂ ವಿಜ್ಞಾನಕ್ಕೂ ಸಮ್ಮತವಾದೀತೆಂದು ನಮಗೆ ತೋರುತ್ತದೆ. ಆದರೆ ಅಂಗಡಿಯಲ್ಲಿ ಹಾಗೆ ಕೇಳಿದರೆ ಏನು ಕೊಟ್ಟಾರೋ ಬಲ್ಲವರಾರು!

ವಿಷಯವು ಹೊಸದೇನೂ ಅಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನನು ಇಂಥ ಯಂತ್ರದಿಂದ ಕಟ್ಟಡಗಳನ್ನು ಕಾಯಿಸಬಹುದೆಂಬುದನ್ನು 1852ರಲ್ಲಿಯೇ ಪ್ರತಿಪಾದಿಸಿದ್ದನು. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪುರಭವನವನ್ನು 1938ರಿಂದ ಲಿಮ್ಮಾಟ್ ನದಿಯ ನೀರಿನಿಂದೆತ್ತಿದ ಶಾಖವೇ ಬೆಚ್ಚಗಿಟ್ಟಿತು. ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಜಾನ್ ಸಮ್ನರ್ ಎಂಬ ಎಂಜಿನಿಯರನು 1945ರಲ್ಲಿ ಅಲ್ಲಿಯ ವೆನ್ಸಂ ಹೊಳೆಯಿಂದ ಹೀಗೆಯೇ ಶಾಖವನ್ನು ತಂದನು.

ಈಗ ಮುಖ್ಯವಾದ ಮಾತಿಗೆ ಬರೋಣ. ಬಾವಿಯಿಂದ ನೀರು ಸೇದಿದವರಿಗೆಲ್ಲ ತಿಳಿದಿರುವಂತೆ, ಮಳೆಗಾಲದಲ್ಲಿ ನೀರು ಕೈಗೆಟಕುವಷ್ಟು ಮೇಲಿರುವಾಗ ಹತ್ತು ಕೊಡ ಸೇದುವುದು ಶ್ರಮವೆನಿಸದು; ಬೇಸಗೆಯಲ್ಲಿ ಹಗ್ಗಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟಾಗ ಎರಡು ಕೊಡಕ್ಕೇ ತೋಳು ಸೋಲುತ್ತದೆ. ಕೊಡದ ನೀರು ಅಷ್ಟೇ. ಎತ್ತಬೇಕಾದ ಎತ್ತರ ಬೇರೆ. ಶಾಖಕ್ಕೂ ಇದೇ ನ್ಯಾಯ. ಹೊರಗೆ 2 ಡಿಗ್ರಿ ಚಳಿಯಿರುವಾಗ ರೇಡಿಯೇಟರುಗಳಿಗೆ 35 ಡಿಗ್ರಿಯ ನೀರನ್ನು ಕಳುಹಿಸುವುದಾದರೆ ಯಂತ್ರವು ಶಾಖವನ್ನು 33 ಮೆಟ್ಟಿಲು ಎತ್ತಬೇಕು. 55 ಡಿಗ್ರಿಯ ನೀರು ಬೇಕೆಂದರೆ 53 ಮೆಟ್ಟಿಲು. ಮೊದಲನೆಯದರಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ನಾಲ್ಕು ಯೂನಿಟ್ ಶಾಖವು ಬಂದರೆ ಎರಡನೆಯದರಲ್ಲಿ ಎರಡೂವರೆಯ ಸುತ್ತಮುತ್ತ ಬರುತ್ತದೆ. ನೀರಿನ ಉಷ್ಣಮಾನವನ್ನು ಒಂದೊಂದು ಡಿಗ್ರಿ ಇಳಿಸಿದಂತೆಲ್ಲ ವಿದ್ಯುತ್ತಿನಲ್ಲಿ ನೂರಕ್ಕೆ ಎರಡು ಮೂರರಷ್ಟು ಉಳಿತಾಯವೆಂದು ತಿಳಿಯಬಹುದು.

ಹಣದ ಲೆಕ್ಕವನ್ನೂ ನೋಡೋಣ. ಒಂದು ಮನೆಗೆ ವರ್ಷಕ್ಕೆ 10,000 ಯೂನಿಟ್ ಶಾಖವು ಬೇಕೆಂದಿಟ್ಟುಕೊಳ್ಳಿ. 2024ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ವಿದ್ಯುತ್ತು ಯೂನಿಟ್ಟಿಗೆ ಸುಮಾರು 24.5 ಪೆನ್ಸ್, ಗ್ಯಾಸು 6.2 ಪೆನ್ಸ್ ಇದ್ದಿತು. ನೂರಕ್ಕೆ ತೊಂಬತ್ತರಷ್ಟು ಶಾಖವನ್ನು ಕೊಡುವ ಒಳ್ಳೆಯ ಬಾಯ್ಲರಿಗೆ ಸುಮಾರು 690 ಪೌಂಡು ತಗಲುತ್ತಿತ್ತು. ಹೀಟ್ ಪಂಪು ಒಂದಕ್ಕೆ ಎರಡೂವರೆ ಕೊಟ್ಟರೆ 980 ಪೌಂಡು. ಮೂರೂವರೆ ಕೊಟ್ಟರೆ 700. ನಾಲ್ಕು ಕೊಟ್ಟರೆ 612. ಯಂತ್ರವೂ ಮನೆಯೂ ಬದಲಾಗದಿದ್ದರೂ, ನಡೆಸುವ ಬಗೆಯೊಂದರಿಂದಲೇ ಮನೆಯೊಡತಿಯ ಕೈಯಿಂದ ನೂರಾರು ಪೌಂಡು ಹೋಗುವುದೂ ಉಳಿಯುವುದೂ ಆಗುತ್ತದೆ. ಬ್ರಿಟನ್ನಿನಲ್ಲಿ 700ಕ್ಕೂ ಹೆಚ್ಚು ಮನೆಗಳಲ್ಲಿ ಸರ್ಕಾರದ ವತಿಯಿಂದ ನಡೆದ ಪರೀಕ್ಷೆಯಲ್ಲಿ ಗಾಳಿಯಿಂದ ಶಾಖವನ್ನೆತ್ತುವ ಯಂತ್ರಗಳ ನಡುವಣ ಅಂಕವು 2.8ರ ಆಸುಪಾಸಿನಲ್ಲಿದ್ದಿತು. ಸುಧಾರಣೆಗೆ ಅವಕಾಶವುಂಟೆಂದು ಇದರಿಂದಲೇ ವ್ಯಕ್ತವಾಗುತ್ತದೆ.

ಕಳೆದ ಚಳಿಗಾಲದಲ್ಲಿ ನಾವು ಮಗಳ ಮನೆಯಲ್ಲಿ ಎರಡು ತಿಂಗಳಿದ್ದಾಗ ಕಂಡ ಸ್ಥಿತಿಯೂ ಇದೇ. ಯಂತ್ರವನ್ನು ಕೂಡಿಸಿದವರು ನೀರಿನ ಉಷ್ಣಮಾನವನ್ನು 55ಕ್ಕೆ ನಿಲ್ಲಿಸಿ, ಕೈಪಿಡಿಯನ್ನು ಮೇಜಿನ ಮೇಲಿಟ್ಟು ಹೊರಟುಹೋಗಿದ್ದರು. ಮನೆಯವರು ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಯಂತ್ರವನ್ನು ನಡೆಸಿ ಉಳಿದ ಹೊತ್ತು ಆರಿಸಿಬಿಡುತ್ತಿದ್ದರು. “ರಾತ್ರಿಯೆಲ್ಲ ಬಿಟ್ಟರೆ ಬಿಲ್ಲು ಕಟ್ಟೋರು ಯಾರಪ್ಪಾ?” ಎಂಬುದು ಮಗಳ ಪ್ರಶ್ನೆ. ನಮ್ಮ ಮನೆಯವರು ಶಾಲು ಹೊದ್ದು ಅಡಿಗೆಮನೆಯ ಒಲೆಯ ಬಳಿಯೇ ದಿನ ಕಳೆಯುತ್ತಿದ್ದರು. ಅಳಿಯಂದಿರು ಯಂತ್ರವನ್ನು ಕಿತ್ತು ಮತ್ತೆ ಬಾಯ್ಲರು ಹಾಕಿಸುವ ಯೋಚನೆಯಲ್ಲಿದ್ದರು. ಮೂಲವನ್ನು ಬಿಟ್ಟು ಊಹೆಯಿಂದ ಅರ್ಥ ಹೇಳುವ ವಿದ್ಯಾರ್ಥಿಗಳನ್ನು ನಾವು ಬಹಳ ಕಂಡವರಾದುದರಿಂದ ಮೊದಲು ಕೈಪಿಡಿಯನ್ನೋದೋಣವೆಂದೆವು. ಇಬ್ಬರೂ ಕುಳಿತು ಓದಿದೆವು. ಮುಂದೆ ಹೇಳುವುದರಲ್ಲಿ ಬಹುಭಾಗವು ಆ ಎರಡು ತಿಂಗಳಲ್ಲಿ ಮಾಡಿ ನೋಡಿದುದೇ.

ಮೊದಲನೆಯದಾಗಿ, ಈ ಯಂತ್ರವನ್ನು ಪದೇ ಪದೇ ಆರಿಸಿ ಹಚ್ಚಬಾರದು. ರಾತ್ರಿಯೆಲ್ಲ ಆರಿಸಿದರೆ ಗೋಡೆಗಳು ತಣ್ಣಗಾಗಿ, ಬೆಳಗಿನ ಜಾವ ಹೊರಗಿನ ಚಳಿ ಅತ್ಯಧಿಕವಾಗಿರುವಾಗಲೇ ಯಂತ್ರವು ನೀರನ್ನು ಹೆಚ್ಚು ಕಾಯಿಸಿ ಓಡಬೇಕಾಗುತ್ತದೆ. ರಾತ್ರಿ ಉಳಿದುದರಲ್ಲಿ ಬಹುಪಾಲು ಬೆಳಿಗ್ಗೆ ವ್ಯಯವಾಗುತ್ತದೆ. ರಾತ್ರಿ ಒಂದೆರಡು ಡಿಗ್ರಿ ಇಳಿಸಿದರೆ ಸಾಕು. ವಾರಗಟ್ಟಲೆ ಊರಿಗೆ ಹೋಗುವುದಾದರೆ ಇನ್ನೂ ಇಳಿಸಬಹುದು; ಅದು ಬೇರೆ ಮಾತು.

ಎರಡನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದುದು, ಹವೆಯನ್ನನುಸರಿಸಿ ನೀರಿನ ಉಷ್ಣಮಾನವನ್ನು ಯಂತ್ರವೇ ಏರಿಳಿಸಿಕೊಳ್ಳುವ ವ್ಯವಸ್ಥೆ. ಹೊರಗೊಂದು ಉಷ್ಣಮಾಪಕವಿರುತ್ತದೆ. ಹೊರಗೆ ಹದವಾಗಿದ್ದರೆ 32, 33 ಡಿಗ್ರಿಯ ನೀರು. ಹಿಮ ಬೀಳುವ ದಿನ 45. ಈ ಏರಿಳಿತದ ರೇಖೆಯನ್ನು ಆಯಾ ಮನೆಗೆ ಹೊಂದಿಸಿಕೊಳ್ಳಬೇಕು. ಅವಸರವು ಕೂಡದು. ಒಂದೆರಡು ಡಿಗ್ರಿ ಇಳಿಸಿ ಎರಡು ದಿನ ಕಾದು, ಮನೆ ಬೆಚ್ಚಗೆ ಉಳಿದರೆ ಮತ್ತೆ ಇಳಿಸಬೇಕು. ಚಳಿಯೆನಿಸಿದ ಕೂಡಲೆ ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ರೇಡಿಯೇಟರು ಮುಟ್ಟಿದರೆ ಸುಡಬೇಕೆಂಬ ಹಳೆಯ ಅಭ್ಯಾಸವು ಇಲ್ಲಿ ಅಡ್ಡಬರುತ್ತದೆ. ಉಗುರುಬೆಚ್ಚಗಿದ್ದರೂ ಹಗಲಿರುಳು ಹಾಗಿದ್ದರೆ ಮನೆಯು ಸಮವಾಗಿ ಬೆಚ್ಚಗಿರುತ್ತದೆ.

ಆದರೆ 70 ಡಿಗ್ರಿಯ ನೀರಿನಿಂದ ರೇಡಿಯೇಟರು ಕೊಡುವ ಶಾಖದಲ್ಲಿ ಅರ್ಧಕ್ಕಿಂತಲೂ ಕಡಿಮೆಯನ್ನು 45 ಡಿಗ್ರಿಯಲ್ಲಿ ಅದು ಕೊಡುತ್ತದೆ. ಆದುದರಿಂದ ಒಂದೇ ಕೋಣೆ ಸದಾ ತಣ್ಣಗಿದ್ದರೆ ಆ ಒಂದು ಕೋಣೆಗಾಗಿ ಇಡೀ ಮನೆಯ ನೀರನ್ನು ಏರಿಸದೆ ಅಲ್ಲಿಯ ರೇಡಿಯೇಟರನ್ನು ದೊಡ್ಡದು ಮಾಡಿಸುವುದು ಲೇಸು. ಕಿಟಕಿಯ ಸಂದಿಗಳನ್ನೂ ಮಾಳಿಗೆಯನ್ನೂ ಮುಚ್ಚಿಸುವುದು ಅದಕ್ಕಿಂತ ಮೊದಲು. ಉಪಯೋಗಿಸದ ಕೋಣೆಗಳ ರೇಡಿಯೇಟರುಗಳನ್ನೆಲ್ಲ ತಿರುಗಿಸಿ ನಿಲ್ಲಿಸುವುದು ಮಿತವ್ಯಯವೆಂದು ತೋರುತ್ತದೆ; ಹಾಗೆ ಮಾಡಿದರೆ ಯಂತ್ರಕ್ಕೆ ಶಾಖವನ್ನು ಇಳಿಸಲು ಸ್ಥಳ ಸಾಲದೆ ಐದು ನಿಮಿಷ ಓಡುವುದು, ನಿಲ್ಲುವುದು, ಮತ್ತೆ ಓಡುವುದು ಆರಂಭವಾಗುತ್ತದೆ. ಇದರಿಂದ ವಿದ್ಯುತ್ತೂ ನಷ್ಟ, ಯಂತ್ರದ ಆಯುಸ್ಸೂ ನಷ್ಟ.

ಸ್ನಾನದ ನೀರನ್ನು ತೊಟ್ಟಿಯಲ್ಲಿ 48ರಿಂದ 50 ಡಿಗ್ರಿಯವರೆಗೆ ಕಾಯಿಸಿದರೆ ಸಾಕು. ವಾರಕ್ಕೊಮ್ಮೆ 60ಕ್ಕೆ ಏರಿಸುವುದನ್ನು ಮಾತ್ರ ಬಿಡತಕ್ಕದ್ದಲ್ಲ. ನಿಂತ ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲಾ ಎಂಬ ರೋಗಾಣುವಿನ ಭಯವುಂಟು. ನೀರು ಕಾಯಿಸಲು ಹಗಲಿನಲ್ಲಿ ಹೊರಗಿನ ಗಾಳಿ ತುಸು ಬೆಚ್ಚಗಿರುವ ಮಧ್ಯಾಹ್ನವೇ ಪ್ರಶಸ್ತ. ನರಕಚತುರ್ದಶಿಯ ದಿನ ಮನೆಮಂದಿಯೆಲ್ಲ ಜಾವದಲ್ಲೆದ್ದು ಎಣ್ಣೆನೀರು ಹಾಕಿಕೊಳ್ಳುವ ಸಂಪ್ರದಾಯವನ್ನು ಅಲ್ಲಿಯೂ ಇಟ್ಟುಕೊಂಡಿರುವವರು ಹಿಂದಿನ ಮಧ್ಯಾಹ್ನವೇ ತೊಟ್ಟಿಯನ್ನು ತುಂಬ ಕಾಯಿಸಿಡಬೇಕು. ಇಲ್ಲವಾದರೆ ನಾಲ್ಕನೆಯವರ ಹೊತ್ತಿಗೆ ನೀರು ತಣ್ಣಗಾಗಿ, ಯಾರೋ ಒಬ್ಬರು ತೊಟ್ಟಿಯೊಳಗಿನ ವಿದ್ಯುತ್ ಸಲಾಕೆಯ ಗುಂಡಿಯನ್ನು ಒತ್ತುವರು. ಅದು ಒಂದಕ್ಕೆ ಒಂದೇ ಕೊಡತಕ್ಕದ್ದು. ಒತ್ತಿದವರು ಆರಿಸುವುದನ್ನು ಮರೆತರೆ ತಿಂಗಳ ಉಳಿತಾಯವೆಲ್ಲ ಅದರ ಪಾಲಾಗುತ್ತದೆ.

ಹೊರಗಿನ ಪೆಟ್ಟಿಗೆಯ ಸುತ್ತ ಎಲೆ, ಹಿಮ ಸೇರದಂತೆ ನೋಡಿಕೊಳ್ಳಬೇಕು. ಗಾಳಿಯ ದಾರಿಗೆ ಅಡ್ಡವಾಗಿ ಕುಂಡಗಳನ್ನಿಡಬಾರದು. ತೇವದ ಚಳಿಯಲ್ಲಿ ಅದರ ಕೊಳವೆಗಳ ಮೇಲೆ ಮಂಜುಗಟ್ಟುತ್ತದೆ. ಆಗ ಯಂತ್ರವು ಕೆಲವು ನಿಮಿಷ ತಿರುವುಮುರುವಾಗಿ ನಡೆದು ಅದನ್ನು ಕರಗಿಸಿಕೊಳ್ಳುತ್ತದೆ. ದಟ್ಟವಾದ ಆವಿ ಏಳುತ್ತದೆ. ನಮ್ಮ ಮನೆಯವರು ಮೊದಲ ಸಲ ಅದನ್ನು ಕಂಡು ಬೆಂಕಿ ಬಿತ್ತೆಂದು ಕೂಗಿ ಬೀದಿಯವರನ್ನೆಲ್ಲ ಎಬ್ಬಿಸಿದ್ದರು. ಹೆದರಬೇಕಾದುದು ಆವಿಗಲ್ಲ, ಕರಗಿದ ನೀರು ಕಾಲುದಾರಿಗೆ ಹರಿದು ಗಡ್ಡೆಕಟ್ಟಿದರೆ ವೃದ್ಧರು ಜಾರಿ ಬೀಳುವ ಸಂಭವವಿದೆ. ಆ ನೀರಿಗೆ ಬೇರೆ ದಾರಿ ಮಾಡಿಸಬೇಕು.

ನಮ್ಮ ಬೆಂಗಳೂರಿನಲ್ಲಿ ಮನೆ ಕಾಯಿಸುವ ಅಗತ್ಯವಿಲ್ಲವಾದರೂ ಸ್ನಾನದ ನೀರಿಗಾಗಿ ಇದೇ ಯಂತ್ರವನ್ನು ಇಡಿಸುವವರಿದ್ದಾರೆ. ಇಲ್ಲಿಯ ಗಾಳಿಯು 25 ಡಿಗ್ರಿಯಷ್ಟಿರುವಾಗ ಬಾವಿಯ ನೀರು ಮೇಲೆಯೇ ಇದ್ದಂತಾಗಿ, ಒಂದು ಯೂನಿಟ್ಟಿಗೆ ಮೂರರಿಂದ ನಾಲ್ಕು ಯೂನಿಟ್ ಶಾಖವು ದೊರೆಯುವುದು ಸಾಧ್ಯ. ಗೀಸರಿನಲ್ಲಿ ಒಂದಕ್ಕೆ ಒಂದೂ ಪೂರ್ತಿ ಬಾರದು. ಛಾವಣಿಯಲ್ಲಿ ಬಿಸಿಲು ಬೀಳುವ ಸ್ಥಳವುಳ್ಳವರಿಗೆ ಸೂರ್ಯನ ಶಾಖದಿಂದ ನೀರು ಕಾಯಿಸುವ ತೊಟ್ಟಿಯೇ ಇನ್ನೂ ಅಗ್ಗ. ಛಾವಣಿಯಿಲ್ಲದ ಮನೆಯವರು ಈ ಪೆಟ್ಟಿಗೆಯನ್ನು ಮುಚ್ಚಿದ ಬಚ್ಚಲಲ್ಲಿ ಇಡಿಸದೆ ಗಾಳಿಯಾಡುವ ಬಾಲ್ಕನಿಯಲ್ಲಿ ಇಡಿಸಿಕೊಳ್ಳಬೇಕು.