ಬೆಳಿಗ್ಗೆ ಎಂಜಿನ್ ಮುನಿಸಿಕೊಂಡರೆ ನಿನ್ನೆ ಸಂಜೆಯನ್ನು ಕೇಳಿ

ಹೊನ್ನಾವರದ ಕಾಸರಕೋಡು, ಭಟ್ಕಳದ ಅಳ್ವೇಕೋಡಿ, ಕುಮಟಾದ ತದಡಿ. ಬೆಳಕು ಹರಿಯುವ ಮೊದಲು ಇವುಗಳಲ್ಲಿ ಯಾವ ದಡಕ್ಕೆ ಹೋದರೂ ಹಗ್ಗ ಎಳೆಯುವ ಸದ್ದು ಕೇಳುತ್ತೆ. ಒಂದೆರಡು ಎಳೆತಕ್ಕೆ ಎಂಜಿನ್ ಹೊತ್ತಿಕೊಂಡರೆ ಸರಿ. ಹತ್ತು ದಾಟಿದರೆ ಬೈಗುಳ ಶುರು.

ಕೋಲ್ಡ್ ಸ್ಟಾರ್ಟ್ ಅಂದ ಕೂಡಲೇ ಹಿಮ ಬೀಳುವ ದೇಶದ ತೊಂದರೆ ಅನ್ನಿಸಬಹುದು. ಜನವರಿಯಲ್ಲೂ ಫ್ಯಾನ್ ಹಾಕುವ ನಮ್ಮೂರಿಗೂ ಅದಕ್ಕೂ ಏನು ನಂಟು? ಇಲ್ಲಿ ಕೋಲ್ಡ್ ಅಂದರೆ ಹವೆಯ ಚಳಿಯಲ್ಲ, ರಾತ್ರಿಯಿಡೀ ನಿಂತು ಆರಿದ ಎಂಜಿನ್. ಆ ಆರಿದ ಎಂಜಿನ್‌ಗೆ ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ: ಸೀಮೆಎಣ್ಣೆ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಕಡಲು ಬಂದ್. 10 ಎಚ್‌ಪಿವರೆಗಿನ ಮೋಟಾರು ಕಟ್ಟಿದ ನಾಡದೋಣಿಗೆ ಮಾತ್ರ ರಿಯಾಯಿತಿ. ಹಾಗಾಗಿ 9.9 ಎಚ್‌ಪಿ ಔಟ್‌ಬೋರ್ಡ್‌ಗೆ ಇಲ್ಲಿ ಅಷ್ಟು ಬೆಲೆ. ಇವುಗಳಲ್ಲಿ ಸೀಮೆಎಣ್ಣೆಯಲ್ಲಿ ಓಡುವ ಟೂ ಸ್ಟ್ರೋಕ್ ಎಂಜಿನ್‌ಗಳೇ ನಮಗೆ ಹೆಚ್ಚು ಪರಿಚಯ. ಸ್ಟಾರ್ಟ್ ಮಾಡೋದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ. ಕಾರಣ ಸರಳ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗೆ ಹೊತ್ತುವಷ್ಟು ಆವಿ ಬಿಡುತ್ತೆ. ಸೀಮೆಎಣ್ಣೆಗೆ ಸುಮಾರು 38 ಡಿಗ್ರಿ ಬೇಕು. ನಮ್ಮ ಸೆಕೆಯೂ ಬೆಳಗಿನ ಐದು ಗಂಟೆಗೆ ಅಷ್ಟಿರೋದಿಲ್ಲ.

ನನಗೆ ಗುರುತಿನ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಂಜಿನ್ ಸ್ಟಾರ್ಟ್ ಆಗ್ತಿಲ್ಲ ಅಂತ ಯಾರೇ ಬರಲಿ, ಸ್ಪ್ಯಾನರ್ ಹಿಡಿಯೋ ಮೊದಲು ಅವರದ್ದು ಒಂದೇ ಮಾತು: "ತಮಾ, ನಿನ್ನೆ ಸಂಜೆ ಹ್ಯಾಂಗೆ ಬಂದ್ ಮಾಡ್ದೆ ಅದನ್ನ ಹೇಳು. ಬೆಳಿಗ್ಗೆ ಯಾಕೆ ಆಗ್ಲಿಲ್ಲ ಅಂತ ನಾ ಹೇಳ್ತೆ." ಲಾಗ್ ನೋಡದೆ ಕೋಡ್ ಮುಟ್ಟಬೇಡಿ ಅಂತ ನಮ್ಮ ಆಫೀಸಿನಲ್ಲಿ ಹೇಳೋದೂ ಇದನ್ನೇ.

ಸೀಮೆಎಣ್ಣೆಯಲ್ಲೇ ದಡಕ್ಕೆ ಬಂದು ಎಂಜಿನ್ ನಿಲ್ಲಿಸಿದರೆ ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಉಳಿಯೋದು ಸೀಮೆಎಣ್ಣೆಯೇ. ಬೆಳಿಗ್ಗೆ ಕಾಕ್ ಪೆಟ್ರೋಲಿಗೆ ತಿರುಗಿಸಿದರೂ ಮೊದಲ ಎಳೆತಗಳಿಗೆ ಒಳಗೆ ಹೋಗೋದು ಆ ಹಳೆಯ ಎಣ್ಣೆ. ಪ್ಲಗ್ ನೆನೆಯುತ್ತೆ, ತೋಳು ಸೋಲುತ್ತೆ. ದಡ ಮುಟ್ಟುವ ಕೆಲವು ನಿಮಿಷ ಮೊದಲೇ ಪೆಟ್ರೋಲಿಗೆ ಬದಲಿಸಿ ಓಡಿಸಿದರೆ ಇಷ್ಟು ಗೋಳಿಲ್ಲ. ಪೆಟ್ರೋಲ್ ದುಬಾರಿ ಅಂತ ಆ ಕೊನೆಯ ಗುಟುಕನ್ನು ಉಳಿಸುವವರು ಬಹಳ. ಉಳಿಸಿದ್ದರ ದುಪ್ಪಟ್ಟು ಬೆಳಿಗ್ಗೆ ಹೊಸ ಪ್ಲಗ್‌ಗೆ ಹೋಗುತ್ತೆ.

ಇಷ್ಟು ಮಾಡಿದ ಮೇಲೂ ಹೊತ್ತದಿದ್ದರೆ? ಮೊದಲು ಕಿಲ್ ಸ್ವಿಚ್‌ನ ಕೆಂಪು ದಾರದ ಕ್ಲಿಪ್ ಜಾಗದಲ್ಲಿದೆಯಾ ನೋಡಿ. ನಗಬೇಡಿ, ಇದಕ್ಕೇ ಕಾರ್ಬ್ಯುರೇಟರ್ ಬಿಚ್ಚಿದವರಿದ್ದಾರೆ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿರಬೇಕು. ಪೈಪಿನ ನಡುವಿನ ರಬ್ಬರ್ ಬಲ್ಬನ್ನು, ಬಾಣದ ತುದಿ ಮೇಲೆ ಬರುವಂತೆ ಹಿಡಿದು, ಗಟ್ಟಿಯಾಗುವ ತನಕ ಒತ್ತಿ. ಗಟ್ಟಿಯೇ ಆಗದಿದ್ದರೆ ಪೈಪ್ ಎಲ್ಲೋ ಗಾಳಿ ಎಳೆಯುತ್ತಿದೆ. ಹೆಚ್ಚಾಗಿ ಅದು ಕನೆಕ್ಟರಿನ ಓ ರಿಂಗ್.

ಬಲ್ಬ್ ಗಟ್ಟಿಯಾಗಿ, ಚೋಕ್ ಎಳೆದು, ಥ್ರಾಟಲ್ ಸ್ಟಾರ್ಟ್ ಗುರುತಿಗಿಟ್ಟು ನಾಲ್ಕೈದು ಸಲ ಎಳೆದರೂ ಆಗದಿದ್ದರೆ ಪ್ಲಗ್ ಬಿಚ್ಚಿ. ಒಣಗಿದೆಯಾ, ಎಣ್ಣೆ ಒಳಗೆ ಬರುತ್ತಿಲ್ಲ: ಫಿಲ್ಟರ್, ಜೆಟ್ ನೋಡಬೇಕು. ಒದ್ದೆಯಾ, ಎಣ್ಣೆ ಬಂದಿದೆ. ಕಿಡಿ ಇಲ್ಲ, ಅಥವಾ ಚೋಕ್ ಜಾಸ್ತಿಯಾಗಿ ತುಂಬಿಕೊಂಡಿದೆ. ಅರ್ಧ ತಲಾಶು ಇಲ್ಲಿಗೇ ಮುಗಿಯಿತು. ಒಂದು ಎಚ್ಚರಿಕೆ: ದಡದ ಮೇಲೆ ನೀರಿಲ್ಲದೆ ಎಂಜಿನ್ ಓಡಿಸಿ ಪರೀಕ್ಷೆ ಬೇಡ. ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಬಹಳ ಬೇಗ ಸುಟ್ಟುಹೋಗುತ್ತೆ. ಸಿಹಿನೀರಿನ ಡ್ರಮ್ಮಿನಲ್ಲಿ ಕೆಳಗಿನ ಭಾಗ ಮುಳುಗಿಸಿ ಓಡಿಸಿ, ಉಪ್ಪೂ ತೊಳೆದುಹೋಗುತ್ತೆ.

ಹೇಗೋ ಹೊತ್ತಿತಲ್ಲ ಅಂತ ಅರೆಬರೆ ಎಂಜಿನ್ ಹಿಡಿದು ಹೊರಡೋದೇ ನಿಜವಾದ ಅಪಾಯ. ಶರಾವತಿಯ ಅಳಿವೆಯಲ್ಲಿ ಹೂಳಿನ ಮೇಲೆ ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತೆ. ಅಲ್ಲಿ ಹಗ್ಗ ಎಳೆಯುತ್ತ ಕೂರಲು ಪುರುಸೊತ್ತಿಲ್ಲ. ಒಳನೀರಿನಲ್ಲೇ ಐದು ನಿಮಿಷ ಓಡಿಸಿ ನೋಡಿ.

ಸಣ್ಣ ಎಂಜಿನ್‌ಗೆ ಮೀಟರ್ ಇರೋದಿಲ್ಲ. ಹಿಂದಿನಿಂದ ಚಿಮ್ಮುವ ನೀರಿನ ಸಣ್ಣ ಧಾರೆಯೇ ಅದರ ಮೀಟರ್. ಧಾರೆ ಸೊರಗಿದರೆ ಎಂಜಿನ್ ತಣಿಯುತ್ತಿಲ್ಲ ಅಂತ. ಮೀಟರ್‌ಗಳ ಸಾಲು ಬರೋದು ಪ್ರವಾಸಿಗರನ್ನು ಒಯ್ಯುವಂಥ ದೊಡ್ಡ ಬೋಟುಗಳಲ್ಲಿ. ಮುರ್ಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿ.ಮೀ. ಇಂಧನದ ಮುಳ್ಳು ಸುಳ್ಳು ಹೇಳಿದರೆ ಅದೇನು ಸಣ್ಣ ಸಂಗತಿಯಲ್ಲ.

ಈ ಮುಳ್ಳು ಓದೋದು ಟ್ಯಾಂಕಿನೊಳಗಿನ ತೇಲುಬುರುಡೆಯ ರೆಸಿಸ್ಟೆನ್ಸ್ ಅನ್ನು. ಅಮೆರಿಕನ್ ಲೆಕ್ಕದಲ್ಲಿ ಖಾಲಿಗೆ 240 ಓಮ್, ಭರ್ತಿಗೆ 33. ಯುರೋಪಿಯನ್ ಲೆಕ್ಕ ಉಲ್ಟಾ: ಖಾಲಿಗೆ 10, ಭರ್ತಿಗೆ 180. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಕಡೆಯ ಮೀಟರ್‌ಗೆ ಇನ್ನೊಂದು ಕಡೆಯ ಸೆಂಡರ್ ಜೋಡಿಸಿದರೆ ಟ್ಯಾಂಕ್ ಬರಿದಾದಾಗ ಮುಳ್ಳು 'ಫುಲ್' ಅನ್ನುತ್ತೆ! ಮೀಟರ್ ಹಿಂದಿನ ಎಸ್ ಅಂತ ಬರೆದ ತುದಿಯ ವೈರ್ ತೆಗೆದು ನೋಡಿ, ಆಮೇಲೆ ಆ ತುದಿಯನ್ನು ಗ್ರೌಂಡ್‌ಗೆ ಮುಟ್ಟಿಸಿ. ಮುಳ್ಳು ಈ ಕೊನೆಯಿಂದ ಆ ಕೊನೆಗೆ ಓಡಿದರೆ ಮೀಟರ್ ಸರಿಯಿದೆ, ದೋಷ ಸೆಂಡರ್ ಅಥವಾ ವೈರಿನದ್ದು. ಈ ಕೆಲಸ ಮೀಟರ್ ಕಡೆಯಿಂದಲೇ ಆಗಲಿ, ಟ್ಯಾಂಕಿನ ಬಳಿ ಕಿಡಿ ಬೇಡ. ಹೊರಡುವ ಮುಂಚೆ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡುವ ಹಳೆಯ ಪದ್ಧತಿಯನ್ನಂತೂ ಬಿಡಬೇಡಿ.

ಆರ್‌ಪಿಎಂ ಮೀಟರ್ ಸರಿಯಾಗಿ ದುಪ್ಪಟ್ಟು ಅಥವಾ ಅರ್ಧ ತೋರಿಸಿದರೆ ಹಿಂಬದಿಯ ಪೋಲ್ ಸ್ವಿಚ್ ತಪ್ಪು ಜಾಗದಲ್ಲಿದೆ. ಅದು ಸತ್ತೇ ಹೋಗಿ, ಎಂಜಿನ್ ಓಡುವಾಗಲೂ ಬ್ಯಾಟರಿ 12.6 ವೋಲ್ಟ್ ದಾಟದಿದ್ದರೆ ರೆಕ್ಟಿಫೈಯರ್ ಮೇಲೆ ಅನುಮಾನ ಪಡಿ.

ಎಲ್ಲ ಮುಳ್ಳುಗಳೂ ಒಟ್ಟಿಗೆ ಕುಣಿದರೆ ಒಂದೊಂದೇ ಮೀಟರ್ ಬದಲಿಸುತ್ತ ದುಡ್ಡು ಸುರಿಯಬೇಡಿ. ಅಷ್ಟೂ ಮೀಟರ್‌ಗಳು ಒಂದೇ ದಿನ ಕೆಡೋದಿಲ್ಲ, ಅವು ಹಂಚಿಕೊಂಡ ಗ್ರೌಂಡ್ ವೈರ್ ಕೆಡುತ್ತೆ. ಸೆಲ್ಫ್ ಸ್ಟಾರ್ಟ್ ಬೋಟಿನಲ್ಲಿ ಬೆಳಗಿನ ಸ್ಟಾರ್ಟಿಂಗ್ ತೊಂದರೆಗೂ ಎಷ್ಟೋ ಸಲ ಇದೇ ಕಾರಣ: ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಉಪ್ಪುಗಾಳಿಗೆ ಹುಟ್ಟಿದ ಹಸಿರು ಪುಡಿ. ಕ್ರ್ಯಾಂಕ್ ಮಾಡುವಾಗ ವೋಲ್ಟ್ 9.6ಕ್ಕಿಂತ ಕೆಳಗಿಳಿದು ಮೀಟರ್‌ಗಳೆಲ್ಲ ಆರಿ ಹತ್ತಿದರೆ ಮೊದಲು ಈ ತುದಿಗಳನ್ನು ಬಿಚ್ಚಿ, ಉಜ್ಜಿ, ಬಿಗಿದು, ಗ್ರೀಸ್ ಹಚ್ಚಿ. ಅಂದಹಾಗೆ, ಯಾವ ವೈರ್ ಬಿಚ್ಚುವ ಮುಂಚೆಯೂ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.