ಕೆಂಗಣ್ಣು ನೋಡಿದರೆ ಅಂಟುವುದೇ?

2023ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ನಮ್ಮ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಕೆಂಗಣ್ಣಿನ ಬೇನೆ ಹರಡಿತಷ್ಟೆ. ಆ ದಿನಗಳಲ್ಲಿ ಊರಿಗಾಂ ನಿಲ್ದಾಣದಲ್ಲಿ ಬೆಂಗಳೂರಿನ ರೈಲು ಹತ್ತಿದಾಗ ನಾವು ಕಂಡುದಿದು: ಕಪ್ಪು ಕನ್ನಡಕದವನೊಬ್ಬನು ಒಳಗೆ ಬಂದೊಡನೆ ಎದುರು ಬೆಂಚಿನವರು ಕಿಟಕಿಯತ್ತ ಮುಖ ತಿರುಗಿಸಿದರು. ಆದರೆ ಅವನು ಕಣ್ಣೊರಸಿಕೊಂಡ ಕೈಯಿಂದ ಹಿಡಿದಿದ್ದ ಬಾಗಿಲಿನ ಕಂಬಿಯನ್ನೇ ಬಂಗಾರಪೇಟೆಯಲ್ಲಿ ಇಳಿಯುವಾಗ ಅವರೂ ಹಿಡಿದುಕೊಂಡರು!

ನೋಡುವುದೆಂದರೇನು? ರೋಗಿಯ ಕಣ್ಣಿನ ಮೇಲೆ ಬಿದ್ದ ಬೆಳಕು ಚದರಿ ನಮ್ಮ ಕಣ್ಣನ್ನು ಸೇರುವುದು. ಬೆಳಕು ಶಕ್ತಿಯನ್ನು ಹೊತ್ತು ತರುತ್ತದೆಯೇ ಹೊರತು ರೋಗಾಣುವನ್ನಲ್ಲ. ಇಂಥ ಬೇನೆಗೆ ಸಾಮಾನ್ಯವಾಗಿ ಕಾರಣವಾಗುವ ಅಡಿನೋವೈರಸ್ಸಿನ ಗಾತ್ರ ಸುಮಾರು 90 ನ್ಯಾನೊಮೀಟರು; ನಮಗೆ ಕಾಣುವ ಬೆಳಕಿನ ಅಲೆಯುದ್ದ 400ರಿಂದ 700 ನ್ಯಾನೊಮೀಟರು. ಆದುದರಿಂದಲೇ ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ನಿಲುಕುವುದಿಲ್ಲ. ಕಪ್ಪು ಕನ್ನಡಕವು ಬೆಳಕಿಗೆ ಅಂಜುವ ರೋಗಿಗೆ ಹಿತ ನೀಡುತ್ತದೆ. ಎದುರಿನವನಿಗೆ ಅದರಿಂದ ರಕ್ಷಣೆಯಿಲ್ಲ.

ರೋಗವನ್ನು ಒಯ್ಯುವುದು ಕೈ. ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಸಾವಿರಾರು ಕೆಲಸಗಾರರಿಗೆ ಕಣ್ಣುಬೇನೆ ತಗುಲಿತು. ಕಣ್ಣಿಗೆ ಬಿದ್ದ ಲೋಹದ ಚೂರನ್ನು ತೆಗೆಸಿಕೊಳ್ಳಲೆಂದು ಅವರು ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರು. ಚೂರು ತೆಗೆದ ಕೈಗಳೂ ಸಲಕರಣೆಗಳೂ ಒಬ್ಬನ ಬೇನೆಯನ್ನು ಮತ್ತೊಬ್ಬನಿಗೆ ದಾಟಿಸುತ್ತಿದ್ದವು. ಈ ಬಗೆಯ ಬೇನೆಗೆ ಕಾರಣವಾದ ವೈರಸ್ಸನ್ನು 1955ರಲ್ಲಿ ಬೇರ್ಪಡಿಸಿದರು. ಒಣಗಿದ ವಸ್ತುಗಳ ಮೇಲೂ ಅದು ಹಲವು ದಿನ ಬದುಕಿರಬಲ್ಲದು.

ನಮ್ಮೂರಿನಲ್ಲಿ ಕೈಯನ್ನು ಕಣ್ಣಿಗೆ ಎಳೆಯುವ ವಸ್ತು ಬೇರೆ ಇದೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಿರನ್ನು ನುಣ್ಣಗೆ ಅರೆದು ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳು ಮಾತ್ರ ಹಾಗೆಯೇ ನಿಂತಿವೆ. ಗಾಳಿ ಬೀಸಿದಾಗ ಆ ದೂಳು ಕಣ್ಣಿಗೆ ಬಿದ್ದು ರೆಪ್ಪೆಯ ಒಳಗನ್ನೂ ಬಿಳಿಗುಡ್ಡೆಯನ್ನೂ ಹೊದ್ದಿರುವ ತೆಳುಪೊರೆ ಕೆರಳುತ್ತದೆ, ಕಣ್ಣು ಕೆಂಪಾಗುತ್ತದೆ. ಈ ಕೆಂಪು ಅಂಟುವಂಥದಲ್ಲ. ಶುದ್ಧವಾದ ನೀರಿನಿಂದ ತೊಳೆದರೆ ಸಾಮಾನ್ಯವಾಗಿ ಶಮನವಾಗುತ್ತದೆ. ಆದರೆ ಉರಿಯೆಂದು ಕಣ್ಣುಜ್ಜಿದ ಕೈಯಲ್ಲಿ ರೈಲಿನ ಕಂಬಿಯ ವೈರಸ್ಸು ಇದ್ದರೆ?

ವೈರಸ್ಸಿನ ಬೇನೆಯಲ್ಲಿ ನೀರು ಸುರಿಯುತ್ತದೆ. ಒಂದು ಕಣ್ಣಿನಲ್ಲಿ ತೊಡಗಿ ಮತ್ತೊಂದಕ್ಕೂ ಹಬ್ಬುವುದು ಸಾಮಾನ್ಯ. ಬ್ಯಾಕ್ಟೀರಿಯದ್ದಾದರೆ ಗಟ್ಟಿ ಪಿಸುರು ಬಂದು ಬೆಳಿಗ್ಗೆ ರೆಪ್ಪೆಗಳು ಅಂಟಿರುತ್ತವೆ; ಒಗ್ಗದಿಕೆಯದಾದರೆ ತುರಿಕೆ ಹೆಚ್ಚು. ಆದರೂ ಬರಿಗಣ್ಣಿನ ಊಹೆ ಅನೇಕ ವೇಳೆ ತಪ್ಪುವುದುಂಟು.

ಅಡಿನೋವೈರಸ್ಸಿನ ಬೇನೆ ಎರಡು ಮೂರು ವಾರಗಳಲ್ಲಿ ತಾನೇ ಇಳಿಯುತ್ತದೆ. ಪ್ರತಿಜೀವಕ ಹನಿಗಳು ವೈರಸ್ಸನ್ನು ಕೊಲ್ಲವು. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಹಿತ ನೀಡುತ್ತದೆ. ಅದೂ, ಟವಲೂ, ದಿಂಬೂ ರೋಗಿಗೆ ಪ್ರತ್ಯೇಕವಾಗಿರಲಿ. ಎದೆಹಾಲು, ನಂದಿಬಟ್ಟಲಿನ ರಸ ಹಾಕುವುದು ಬೇಡ. ನಾವು ಹೆಚ್ಚು ಅಂಜುವುದು ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಗೆ. ಕೆಂಪನ್ನು ಅದು ಬೇಗ ಅಡಗಿಸುತ್ತದೆ, ಸರಿ. ಆದರೆ ಬೇನೆ ಹರ್ಪಿಸ್ ವೈರಸ್ಸಿನದಾಗಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನೇ ಹಾಳುಮಾಡಬಲ್ಲದು. ತೀವ್ರ ನೋವು, ಮಸುಕಾದ ನೋಟ, ಬೆಳಕನ್ನು ಸಹಿಸಲಾರದಿರುವಿಕೆ ಕಂಡರೆ ನೇತ್ರವೈದ್ಯರಲ್ಲಿಗೆ ಅಂದೇ ಹೋಗಬೇಕು. ನವಜಾತ ಶಿಶುವಿನ ಕಣ್ಣು ಕೆಂಪಾದರಂತೂ ತಡಮಾಡಲೇಬಾರದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ತೆಗೆದಿಟ್ಟು ವೈದ್ಯರನ್ನು ಕಾಣಬೇಕು.

ಬೆಳಕಿನಿಂದ ಬೇನೆ ಬಾರದೆಂದು ತರಗತಿಯಲ್ಲಿ ಇಷ್ಟೆಲ್ಲ ಹೇಳಿ ಪ್ರಯೋಗಶಾಲೆಗೆ ಹೋದೆವು. ಸ್ಪೆಕ್ಟ್ರೋಮೀಟರಿನ ಸುತ್ತ ನಾಲ್ವರು ವಿದ್ಯಾರ್ಥಿಗಳು. ದೂರದರ್ಶಕದ ಒಂದೇ ನೇತ್ರಮಸೂರಕ್ಕೆ ಒಬ್ಬರಾದ ಮೇಲೊಬ್ಬರು ಕಣ್ಣೊತ್ತಿ ನೋಡುತ್ತಿದ್ದರು. ನಮಗೆ ನಾಚಿಕೆಯಾಯಿತು. ಆ ಪ್ರಯೋಗವನ್ನು ಮುಂದೂಡಿ, ಕೈತೊಟ್ಟಿಯ ಬಳಿ ಸಾಬೂನಿಟ್ಟು, ತಿಂಗಳು ಮುಗಿಯುವವರೆಗೂ ಲೋಲಕವನ್ನೇ ತೂಗಾಡಿಸಿದೆವು.