ಎಲ್ಲಿ ಬಿಡಿಸಬೇಕು?

ಡಚ್ ಭಾಷೆಯಲ್ಲಿ ‘ಡೆಯ್ಕ್ರಂಪ್’ ಎಂಬುದೊಂದು ಪದವುಂಟು. ‘ಡೆಯ್ಕ್’ ಎಂದರೆ ನೀರನ್ನು ತಡೆಯುವ ಒಡ್ಡು. ‘ರಂಪ್’ ಎಂದರೆ ಮಹಾವಿಪತ್ತು. ಒಡ್ಡು ಒಡೆದ ವಿಪತ್ತೆಂದು ಅರ್ಥ. ಓದುವವನು ಒಂದೇ ಅಕ್ಷರದಷ್ಟು ಮುಂಚೆ ಬಿಡಿಸಿದನೆನ್ನಿ: ‘ಡೆಯ್’ ಎಂದರೆ ತೊಡೆ, ‘ಕ್ರಂಪ್’ ಎಂದರೆ ಸೆಳೆತ! ನಾಡನ್ನೇ ನಡುಗಿಸುವ ಸುದ್ದಿ ಒಬ್ಬನ ತೊಡೆಯ ನೋವಾಗಿ ಮುಗಿಯುತ್ತದೆ.

ಈ ತೊಡಕಿಗೆ ಕಾರಣ ಡಚ್ಚರ ಬರವಣಿಗೆಯ ಪದ್ಧತಿ. ಸಮಾಸದ ಪದಗಳನ್ನು ಅವರು ನಡುವೆ ತೆರವಿಲ್ಲದೆ ಒಂದೇ ಸರವಾಗಿ ಪೋಣಿಸುತ್ತಾರೆ. ಮಕ್ಕಳ ಉತ್ಸವದ ಮೆರವಣಿಗೆಗಾಗಿ ನಡೆಯುವ ಸಿದ್ಧತೆಯ ಕೆಲಸಗಳನ್ನು ಹೇಳುವ ಒಂದು ಪದದಲ್ಲಿ 49 ರೋಮನ್ ಅಕ್ಷರಗಳಿವೆ. ಕಂಡವರು ಬೆದರುವುದು ಸಹಜ. ಬಿಡಿಸಿದರೆ ಮಾತ್ರ ಅದು ಸಾಧುವಾಗುತ್ತದೆ: ಕಿಂಡರ್ – ಕರ್ನಾವಲ್ಸ್ – ಒಪ್‌ಟೊಖ್ಟ್ – ಫೋರ್‌ಬೆರೆಯ್ಡಿಂಗ್ಸ್ – ವೆರ್ಕ್‌ಜಾಮ್‌ಹೇಡೆನ್. ತುಂಡುಗಳು 5, ಉಚ್ಚಾರಾಂಶಗಳು 15. ಎರಡನೆಯ ಮತ್ತು ನಾಲ್ಕನೆಯ ತುಂಡುಗಳ ಕೊನೆಯ ‘ಸ್’ಗೆ ಸ್ವಂತ ಅರ್ಥವಿಲ್ಲ, ಅದು ಬರಿಯ ಅಂಟು.

ಮೊದಲು ಪದಗಳ ಬೆಸುಗೆಯನ್ನು ಬಿಡಿಸಬೇಕು, ಅನಂತರ ಉಚ್ಚಾರಾಂಶಗಳನ್ನು ಎಣಿಸಬೇಕು. ಇದೇ ಸೂತ್ರ. ಪದದ ಕೊನೆಯಲ್ಲಿ ಬರುವ ‘ಡ್’ ಡಚ್ಚರ ಬಾಯಲ್ಲಿ ‘ಟ್’ ಆಗುತ್ತದೆ. ಸಂಜೆಗೆ ಅವರು ಬರೆಯುವುದು ‘ಆವೊಂಡ್’, ಹೇಳುವುದು ‘ಆವೊಂಟ್’. ‘ಸಂಜೆಗಳು’ ಎನ್ನುವಾಗ ಆ ‘ಡ್’ ಮುಂದಿನ ಸ್ವರವನ್ನು ಕೂಡಿಕೊಂಡು ‘ಆ–ವೊನ್–ಡೆನ್’ ಆಗುತ್ತದೆ. ಆದರೆ ಸಂಜೆಯ ಊಟಕ್ಕೆ ‘ಆ–ವೊಂಟ್–ಏ–ಟೆನ್’ ಎನ್ನಬೇಕು. ಮುಂದೆ ಸ್ವರವಿದ್ದರೂ ಬೆಸುಗೆಯೆಂಬ ಗೋಡೆ ವ್ಯಂಜನವನ್ನು ದಾಟಗೊಡುವುದಿಲ್ಲ. ಸಾಮಾನ್ಯವಾಗಿ ಒತ್ತು ಬೀಳುವುದು ಪೂರ್ವಪದದ ಮೇಲೆ.

ಬರಹದ ಉದ್ದಕ್ಕೂ ಉಚ್ಚಾರದ ಉದ್ದಕ್ಕೂ ನಂಟಿಲ್ಲವೆಂಬುದಕ್ಕೆ ‘ಅಂಗ್ಸ್ಟ್‌ಸ್ಖ್ರೇವ್’ ಸಾಕ್ಷಿ. ಭಯದ ಚೀತ್ಕಾರವೆಂದು ಅದರ ಅರ್ಥ. 13 ಅಕ್ಷರಗಳಲ್ಲಿ 8 ವ್ಯಂಜನಾಕ್ಷರಗಳು ಒಂದರ ಹಿಂದೊಂದು ನಿಂತಿವೆ, ಉಚ್ಚಾರಾಂಶಗಳು ಎರಡೇ!

ವಿನೋದಕ್ಕೂ ಇಲ್ಲಿ ಕೊರತೆಯಿಲ್ಲ. ‘ಕೆರ್ಸ್–ಟೊಮಾಟ್ಯೆಸ್’ ಎಂದರೆ ಪುಟ್ಟ ಟೊಮೇಟೊ ಹಣ್ಣುಗಳು. ‘ಕೆರ್ಸ್ಟ್–ಓಮಾಟ್ಯೆಸ್’ ಎಂದು ಒಡೆದರೆ ಕ್ರಿಸ್‌ಮಸ್ ಹಬ್ಬದ ಅಜ್ಜಿಯರು! ಇಂಥ ಗೊಂದಲವಿದ್ದಲ್ಲಿ ನಡುವೆ ಅಡ್ಡಗೆರೆ ಹಾಕಲು ಕಾಗುಣಿತದ ನಿಯಮವೇ ಅವಕಾಶವಿತ್ತಿದೆ.

ಆದರೆ ಎಲ್ಲ ಪದಗಳಿಗೂ ಅಡ್ಡಗೆರೆಯ ನೆರವು ಬೇಕಿಲ್ಲ. 1953ರ ಜನವರಿ 31ರ ಇರುಳು ಬಿರುಗಾಳಿಗೆ ಉಕ್ಕಿದ ಕಡಲು ನೆದರ್ಲೆಂಡ್ಸಿನ ನೈಋತ್ಯ ಭಾಗದ ಒಡ್ಡುಗಳನ್ನು ಮುರಿದು ನುಗ್ಗಿತು. ಆ ದೇಶದಲ್ಲಿ 1836 ಜನ ಮಡಿದರು. ಆ ದುರಂತಕ್ಕೆ ಉಳಿದ ಹೆಸರು ‘ವಾ–ಟರ್ಸ್–ನೋಟ್–ರಂಪ್’: ನೀರು ತಂದ ಸಂಕಟದ ವಿಪತ್ತು. ಮೂರು ಪದಗಳು ಬೆಸೆದು ಒಂದಾದ ಆ ಹೆಸರನ್ನು ಎಲ್ಲಿ ಬಿಡಿಸಬೇಕೆಂದು ಆ ಇರುಳನ್ನು ಕಂಡವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.